ಏಳು ಬಾಗಿಲ ಸೀಮೆಯ ಇಪ್ಪತ್ತೆರಡು ಗಂಟುಗಳು

ಶಿವನಿಯ ಅಂಬಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರವರು ಹೇಳುತ್ತಿದ್ದರು. ಹೇಳುವವರಿಗೇನು, ನಾಲಿಗೆಗೆ ಎಲುಬಿಲ್ಲ. ನಿಜ ಹೇಳಬೇಕೆಂದರೆ ಆಕೆಗೆ ಬದುಕಿನಲ್ಲಿ ಕೋಪ ಬಂದದ್ದು ಎರಡೇ ಸಲ, ಎರಡೂ ಸಲ ನ್ಯಾಯವಾಗಿಯೇ ಬಂತು. ಮೊದಲನೆಯದು ಒಂದು ಬಾವಿಯ ವಿಷಯಕ್ಕೆ, ಎರಡನೆಯದು ಒಂದು ಕೆರೆಯ ವಿಷಯಕ್ಕೆ. ಬಾವಿ ಊರ ಹೊರಗಿನ ಹೊಲದಲ್ಲಿತ್ತು, ಹೋದವರು ಬಗ್ಗಿ ನೋಡಬಹುದಿತ್ತು. ಕೆರೆ ಮಾತ್ರ ಯಾವ ತಾಲ್ಲೂಕಿನ ನಕ್ಷೆಯಲ್ಲೂ ಇರಲಿಲ್ಲ. ಅದು ಇದ್ದದ್ದು ಏಳು ಬಾಗಿಲ ಸೀಮೆಯಲ್ಲಿ, ಆ ಸೀಮೆ ಇದ್ದದ್ದು ತೀರ್ಥಮ್ಮನ ಮನೆಯ ಜಗಲಿಯ ಮೇಲೆ, ಐದು ಹೆಂಗಸರ ಬಾಯಲ್ಲಿ. ಇಲ್ಲದ ಕೆರೆಗಾಗಿ ಒಬ್ಬಳು ಊರೆಲ್ಲ ಕೇಳುವ ಹಾಗೆ ಜಗಳ ಕಾದಳು ಎಂದರೆ ನಗು ಬರುತ್ತದೆ. ನಗುವವರು ಮೊದಲು ಬಾವಿಯ ಕಥೆ ಕೇಳಿ, ಆಮೇಲೆ ನಗಿ.

ಅಂಬಮ್ಮ ಹುಟ್ಟಿದ್ದು ಎಮ್ಮೆದೊಡ್ಡಿಯಲ್ಲಿ. ಅಪ್ಪ ಕಾವಲಿನಲ್ಲಿ ದನ ಕಾಯುತ್ತಿದ್ದ. ಶಿವನಿಯ ಲಕ್ಕಣ್ಣನಿಗೆ ಕೊಟ್ಟು ಮದುವೆ ಮಾಡಿದರು. ಲಕ್ಕಣ್ಣ ಮಾತು ಕಡಿಮೆ, ಕೆಲಸ ಜಾಸ್ತಿ ಎನ್ನುವ ಗಂಡಸು. ಮದುವೆಯಾದ ಎರಡನೆಯ ವರ್ಷವೇ ಹೊಲದಲ್ಲಿ ಬಾವಿ ತೋಡಲು ಶುರುಮಾಡಿದ. ಅವನು ಅಗೆಯುವುದು, ಇವಳು ಮಂಕರಿಯಲ್ಲಿ ಮಣ್ಣು ಹೊತ್ತು ಮೇಲಕ್ಕೆ ತರುವುದು. ಮೂರು ಬೇಸಿಗೆ ಹೀಗೇ ನಡೆಯಿತು. ಎರಡನೆಯ ಬೇಸಿಗೆಯಲ್ಲಿ ಬಂಡೆ ಸಿಕ್ಕಿತು. ಊರವರು "ಬಿಟ್ಬಿಡ್ರೋ" ಎಂದರು, ಇವರು ಬಿಡಲಿಲ್ಲ. ಮೂರನೆಯ ಬೇಸಿಗೆಯಲ್ಲಿ ನೀರು ಬಂತು. ಆ ಮೂರೂ ಬೇಸಿಗೆ ಮೈದುನ ಕಲ್ಲಪ್ಪ ಕಡೂರಿನ ಒಂದು ಹೋಟೆಲಿನಲ್ಲಿ ದೋಸೆ ಹಾಕಿಕೊಂಡಿದ್ದ. ಒಂದು ಹಿಡಿ ಮಣ್ಣನ್ನೂ ಎತ್ತಿದವನಲ್ಲ.

ಎಪ್ಪತ್ತೈದರಲ್ಲಿ ಲಕ್ಕಣ್ಣ ಜ್ವರ ಬಂದು ಹೋದ. ಎಪ್ಪತ್ತೇಳರಲ್ಲಿ ಕಲ್ಲಪ್ಪ ಊರಿಗೆ ಬಂದು ಹೊಲ ಹಿಡಿದ, ಬಾವಿಗೆ ಪಂಪ್‌ಸೆಟ್ಟು ಕೂರಿಸಿದ, ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಿದ. ಕಟ್ಟೆಯಲ್ಲಿ ಒಂದು ಕಲ್ಲು ಹೂಳಿಸಿ 'ಈ ಬಾವಿ ತೋಡಿಸಿದವರು ಕಲ್ಲಪ್ಪ' ಎಂದು ಕೆತ್ತಿಸಿದ. ಅಂಬಮ್ಮನಿಗೆ ಓದು ಬರದು. ಯಾರೋ ಓದಿ ಹೇಳಿದಾಗ ಕೆಂಡವಾದಳು. ಊರ ಹಿರಿಯರ ಮುಂದೆ ಹೋಗಿ ಕೇಳಿದಳು. ಅವರಲ್ಲಿ ಅರ್ಧ ಜನ ಇವಳು ಮಣ್ಣು ಹೊತ್ತದ್ದನ್ನು ಕಣ್ಣಾರೆ ಕಂಡವರೇ. ಆದರೂ ಒಬ್ಬ ಪುಣ್ಯಾತ್ಮ, "ಕಲ್ಲಲ್ಲೇ ಬರ್ದೈತಲ್ಲಮ್ಮಾ, ಇನ್ನೇನ್ ಮಾಡೋಕಾಗುತ್ತೆ?" ಎಂದ. ಉಳಿದವರು ಹೌದೌದು ಎಂದು ತಲೆಯಾಡಿಸಿ ವಸ್ತ್ರ ಕೊಡವಿಕೊಂಡು ಎದ್ದರು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಳ್ಳುವುದು ಲೋಕರೂಢಿ. ಹಾವಾದರೂ ಹುತ್ತ ನಾನೇ ಕಟ್ಟಿದ್ದು ಎಂದು ಹೆಸರು ಕೆತ್ತಿಸುವುದಿಲ್ಲ. ಅಂಬಮ್ಮ ಆ ಸಿಟ್ಟನ್ನು ಏಳು ವರ್ಷ ನುಂಗಿಕೊಂಡೇ ಇದ್ದಳು.

ಇನ್ನು ಸೀಮೆಯ ವಿಷಯ. ಶಿವನಿಯಲ್ಲಿ ತೀರ್ಥಮ್ಮನದು ದೊಡ್ಡ ಬೇಸಾಯದ ಮನೆ. ಪ್ರತಿ ಬೇಸಿಗೆ, ಮುಂಗಾರಿಗೆ ಮುಂಚೆ, ಬಿತ್ತನೆಯ ಕಡ್ಲೆಕಾಯಿ ಸುಲಿಯುವ ಕೆಲಸ ಅವರ ಜಗಲಿಯ ಮೇಲೆ ತಿಂಗಳುಗಟ್ಟಲೆ ನಡೆಯುತ್ತಿತ್ತು. ಬಿತ್ತನೆಯ ಬೀಜವನ್ನು ಬಡಿದು ಬಿಡಿಸುವಂತಿಲ್ಲ. ಬೀಜದ ಕೆಂಪು ಸಿಪ್ಪೆಗೆ ಗಾಯವಾದರೆ ಮೊಳೆಯುವುದಿಲ್ಲ. ಒಂದೊಂದೇ ಕಾಯನ್ನು ಬೆರಳಲ್ಲಿ ಒತ್ತಿ ಬಿಡಿಸಬೇಕು. ಬೆರಳು ಉರಿಯುತ್ತದೆ, ಬೇಸರ ಹತ್ತುತ್ತದೆ. ಎಪ್ಪತ್ತೊಂದರ ಬೇಸಿಗೆಯಲ್ಲಿ ತೀರ್ಥಮ್ಮ ಬೇಸರ ಕಳೆಯಲು ಒಂದು ಆಟ ಹೂಡಿದಳು.

"ಏಳು ಬಾಗಿಲ ಒಂದು ಸೀಮೆ ಐತೆ ಅಂತ ಇಟ್ಕೊಳ್ರೇ. ನೀವೆಲ್ಲಾ ಅಲ್ಲಿಯೋರು. ಒಬ್ಬೊಬ್ರೂ ಯಾರ್ ಯಾರು, ನೀವೇ ಹೇಳಿ" ಎಂದಳು.

ಕೇಳುವುದಲ್ಲ, ಆಡುವುದು. ತೀರ್ಥಮ್ಮ ಸೀಮೆಯಲ್ಲಿ ಏನಾಯಿತೆಂದು ಹೇಳುತ್ತಾಳೆ. ಉಳಿದವರು ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಮಾಡಿದ್ದು ಆಯಿತೋ ಇಲ್ಲವೋ ಎಂದು ತೀರ್ಮಾನಿಸಲು ಚೌಕಾಬಾರದ ನಾಲ್ಕು ಹುಣಸೆ ಬೀಜ, ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ದು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ: ಎರಡರಲ್ಲಿ ಯಾವುದು ಬಿದ್ದರೂ ಕೆಲಸ ಆದಂತೆ. ಮೂರು ಬಿಳಿ ಬಿದ್ದರೆ ಅರ್ಧ ಆದಂತೆ. ಒಂದೋ ಎರಡೋ ಬಿದ್ದರೆ ಕೆಟ್ಟಂತೆ. ಹೀಗೆ ತೀರ್ಮಾನವಾದ ಪ್ರತಿಯೊಂದು ಕೆಲಸಕ್ಕೂ, ಮಾಡಿದವಳು ತನ್ನ ಹಳೆ ಸೀರೆಯ ಒಂದು ಚೂರು ಹರಿದು ಗೋಡೆಯ ಗೂಟಕ್ಕೆ ತೂಗುಬಿಟ್ಟ ಪುಂಡಿ ನಾರಿನ ಹುರಿಗೆ ಗಂಟು ಹಾಕಬೇಕು. ಗಂಟು ಬಿದ್ದ ಮೇಲೆ ಮುಗಿಯಿತು; ಯಾರೂ ಬಿಚ್ಚುವಂತಿಲ್ಲ. ಓದು ಬಾರದ ಹೆಂಗಸರಿಗೆ ಅದೇ ಪುಸ್ತಕ.

ಈರಕ್ಕ ಆ ಸೀಮೆಯಲ್ಲಿ ಕಳ್ಳಿಯಾದಳು. ಹೊದ್ದರೆ ಮಾಯವಾಗುವ ಕಂಬಳಿ ಅವಳಲ್ಲಿತ್ತು. ತಿಪ್ಪಮ್ಮ ಮಾತಾಡುವ ಗಿಳಿಯನ್ನು ಭುಜದ ಮೇಲೆ ಕೂರಿಸಿಕೊಂಡ ವ್ಯಾಪಾರಗಿತ್ತಿ. ಪಕ್ಕದ ಬೀದಿಯ ಹುಚ್ಚಮ್ಮ, ಅಂಬಮ್ಮನ ಜೀವದ ಗೆಳತಿ, ಕಲ್ಲುಗಳನ್ನು ಮಾತಾಡಿಸುವ ಮಂತ್ರಗಾತಿ. ಅಂಬಮ್ಮ ಸಾವಿರ ದನಗಳ ಒಡತಿ ಹೊನ್ನವ್ವ ನಾಯಕಿತಿ. ಜಗಲಿ ಇಳಿದರೆ ಆಕೆಗೆ ಒಂದು ಕೋಳಿಯೂ ಸ್ವಂತವಿರಲಿಲ್ಲ. ಜಗಲಿ ಹತ್ತಿದರೆ ಹೊನ್ನವ್ವ ನಾಯಕಿತಿ ಬಂದಳೆಂದು ಸೀಮೆಯ ರಾಜನೇ ಎದ್ದು ನಿಲ್ಲುತ್ತಿದ್ದ.

ಎಪ್ಪತ್ತೇಳರಿಂದ ಎಪ್ಪತ್ತೊಂಬತ್ತರವರೆಗೆ, ಅಂದರೆ ಬಾವಿಯ ಅವಮಾನವಾದ ಮೇಲೆ, ಅಂಬಮ್ಮನೂ ಹುಚ್ಚಮ್ಮನೂ ಸೇರಿ ಸೀಮೆಯಲ್ಲಿ ಒಂದು ಕೆರೆ ಕಟ್ಟಿದರು. ಅದೂ ಮೂರು ಬೇಸಿಗೆಯ ಕೆಲಸ. ಗುಡ್ಡದ ನೆತ್ತಿಯ ಮೇಲಿನ ಕೆರೆ. ಅದಕ್ಕೆ ಇಪ್ಪತ್ತೆರಡು ಗಂಟು ಬಿತ್ತು: ಅಂಬಮ್ಮನ ಕಂದು ಸೀರೆಯವು ಹನ್ನೊಂದು, ಹುಚ್ಚಮ್ಮನ ಹಸಿರು ಸೀರೆಯವು ಹನ್ನೊಂದು. ಕೊನೆಯ ಗಂಟು ಬಿದ್ದ ದಿನ ತೀರ್ಥಮ್ಮ ಎಲ್ಲರಿಗೂ ಬೆಲ್ಲ ಹಂಚಿದಳು. ಆ ವರ್ಷದ ಕಾರ್ತೀಕದಲ್ಲಿ ಹುಚ್ಚಮ್ಮ ತೀರಿಕೊಂಡಳು. ಮುಂದಿನ ಬೇಸಿಗೆ ಜಗಲಿಯಲ್ಲಿ ಒಂದು ಮೊರ ಕಡಿಮೆಯಾಯಿತು. ಆದರೆ ಮಂತ್ರಗಾತಿಯನ್ನು ಸಾಯಿಸಲು ಯಾರಿಗೂ ಮನಸ್ಸು ಬರಲಿಲ್ಲ. "ಅವಳ ಸರದಿ ಬಂದಾಗ ನಾನು ಎಡಗೈಲಿ ಹಾಕ್ತೀನಿ" ಎಂದಳು ಅಂಬಮ್ಮ. ಹುಚ್ಚಮ್ಮನ ಮನೆಯವರು ಕೊಟ್ಟ ಹಸಿರು ಸೀರೆಯನ್ನು ಅದಕ್ಕೆಂದೇ ಮಡಿಸಿಟ್ಟುಕೊಂಡಳು. ಅಲ್ಲಿಂದ ಎಡಗೈ ಹುಚ್ಚಮ್ಮನದಾಯಿತು.

ಎಂಬತ್ತಮೂರರಲ್ಲಿ ತೀರ್ಥಮ್ಮನಿಗೆ ಲಕ್ವ ಹೊಡೆದು ಮಾತು ತೊದಲತೊಡಗಿತು. ಸೀಮೆಯನ್ನು ಹೇಳುವ ಕೆಲಸ ಸೊಸೆ ಮಲ್ಲಿಕಾಂಬಳಿಗೆ ಬಂತು. ತರೀಕೆರೆಯ ಹುಡುಗಿ, ಪಿಯುಸಿವರೆಗೆ ಓದಿದವಳು, ಚುರುಕು. ಕೆಟ್ಟವಳೇನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಅವಳ ಕಷ್ಟವೂ ಸುಳ್ಳಲ್ಲ. ಹನ್ನೆರಡು ವರ್ಷ ಬಾಯಿಂದ ಬಾಯಿಗೆ ಬೆಳೆದ ಸೀಮೆ ಕಲಸುಮೇಲೋಗರವಾಗಿತ್ತು. ಅಲ್ಲಿಯ ರಾಜ ಮೂರು ಸಲ ಸತ್ತಿದ್ದ. ಮೂಡಲ ಬಾಗಿಲ ಸಂತೆ ಸೋಮವಾರವೂ ನಡೆಯುತ್ತಿತ್ತು, ಗುರುವಾರವೂ ನಡೆಯುತ್ತಿತ್ತು. ಹೊಳೆ ಒಂದು ವರ್ಷ ಪಡುವಣಕ್ಕೆ ಹರಿದರೆ ಇನ್ನೊಂದು ವರ್ಷ ಮೂಡಣಕ್ಕೆ ಹರಿದಿತ್ತು. ಹೊಸದಾಗಿ ಆಟಕ್ಕೆ ಬಂದ ಇಬ್ಬರು ಹೆಂಗಸರು ವಾರದಲ್ಲೇ ತಲೆ ಕೆಟ್ಟು ಓಡಿದ್ದರು.

ಮಲ್ಲಿಕಾಂಬ ಅಜ್ಜಂಪುರದ ಸಂತೆಯಿಂದ ಇನ್ನೂರು ಪುಟದ ನೋಟ್‌ಬುಕ್ ತರಿಸಿದಳು. ಚಳಿಗಾಲವೆಲ್ಲ ಅತ್ತೆಯ ಮಂಚದ ಪಕ್ಕ ಕೂತು, ತೊದಲುವುದನ್ನು ಬಿಡಿಸಿಕೊಂಡು ಕೇಳಿ, ಸೀಮೆಯ ನಕ್ಷೆ ಬರೆದಳು. ಹೊಂದದ್ದನ್ನೆಲ್ಲ ತೆಗೆದುಹಾಕಿದಳು. ಎಂಬತ್ತನಾಲ್ಕರ ಬೇಸಿಗೆಯ ಮೊದಲ ದಿನ ಎಲ್ಲರೂ ಮೊರ ಹಿಡಿದು ಕೂತಾಗ ನೋಟ್‌ಬುಕ್ ಬಿಚ್ಚಿ ಓದಿದಳು. ಇನ್ನು ಮೇಲೆ ರಾಜ ಒಂದೇ ಸಲ ಸತ್ತದ್ದು. ಸಂತೆ ಗುರುವಾರ ಮಾತ್ರ. ತಿಪ್ಪಮ್ಮನ ಗಿಳಿ ಮಾತಾಡುವುದಿಲ್ಲ, ಯಾಕೆಂದರೆ ಅದು ಎಪ್ಪತ್ತನಾಲ್ಕರಲ್ಲಿ ಮೂಗಿಯಾಗಿ ಎಪ್ಪತ್ತಾರರಲ್ಲಿ ಕಾರಣವಿಲ್ಲದೆ ಮಾತಾಡಿಬಿಟ್ಟಿತ್ತು. ತಿಪ್ಪಮ್ಮ ತೂಕಡಿಸುತ್ತಿದ್ದವಳು ಕಣ್ಣು ಬಿಟ್ಟಳು. ಈರಕ್ಕ ಕಿಸಕ್ಕನೆ ನಕ್ಕಳು.

"ಗುಡ್ಡದ ಮೇಲಿನ ಕೆರೆ ಇರ್ಲಿಲ್ಲ" ಎಂದು ಓದಿ ಮಲ್ಲಿಕಾಂಬ ಹಾಳೆ ತಿರುವಿದಳು.

ಅಂಬಮ್ಮ ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟಳು. "ಏನಂದೆ?"

"ಅಂಬಕ್ಕ, ನಾನು ನಕ್ಷೆ ಬರೆದು ನೋಡಿದೀನಿ. ಹೊಳೆ ಕೆಳಗಡೆ ಹರಿಯುತ್ತೆ. ಗುಡ್ಡದ ನೆತ್ತಿಗೆ ನೀರು ಹತ್ತೋದು ಹೇಗೆ ನೀವೇ ಹೇಳಿ? ಅದಕ್ಕೇ ಆ ಕೆರೆ ಕಟ್ಟಲೇ ಇಲ್ಲ ಅಂತ ಮಾಡಿದೀನಿ. ಎಲ್ಲಾ ಸರಿಹೋಗುತ್ತೆ."

"ಕಟ್ಟಲೇ ಇಲ್ವಾ? ಹಂಗಾರೆ ಮೂರು ಬ್ಯಾಸ್ಗೆ ನಾವೇನ್ ಮಾಡ್ತಿದ್ವಿ? ಹುಚ್ಚಮ್ಮ ಏನ್ ಮಾಡ್ತಿದ್ಲು?"

ಹೇಳುತ್ತ ಹೇಳುತ್ತ ಅಂಬಮ್ಮನ ಕಣ್ಣು ಗೂಟದ ಕಡೆ ಹೋಯಿತು. ಹುರಿ ಅಲ್ಲೇ ತೂಗುತ್ತಿತ್ತು. ನಡುವೆ ಒಂದು ಮೊಳದಷ್ಟು ಜಾಗ ಬೋಳಾಗಿತ್ತು. ಕಂದೂ ಇಲ್ಲ, ಹಸಿರೂ ಇಲ್ಲ.

"ಗಂಟು ಬಿಚ್ಚಿದ್ಯಾ?"

"ಚಿಂದಿಗಳನ್ನ ಎಸೆದಿಲ್ಲ ಅಂಬಕ್ಕ, ಪೇಪರ್‌ನಲ್ಲಿ ಸುತ್ತಿಟ್ಟಿದೀನಿ…"

ಮುಂದೆ ಏನಾಯಿತೆಂದು ಈರಕ್ಕ ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದಳು. ಅಂಬಮ್ಮ ಎದ್ದ ರಭಸಕ್ಕೆ ಮೊರ ಹಾರಿ ಬೀಜವೆಲ್ಲ ಅಂಗಳದ ಪಾಲಾಯಿತಂತೆ. ಸ್ಟೇಷನ್ನಿನಲ್ಲಿ ನಿಂತ ಪ್ಯಾಸೆಂಜರ್ ಗಾಡಿಯವರಿಗೂ ಕೇಳಿಸುವಂತೆ ಕೂಗಿದಳಂತೆ. "ಕಲ್ಲಪ್ಪ ಒಬ್ಬ ಸಾಲ್ದು ಅಂತ ನೀನೊಬ್ಳು ಬಂದ್ಯಾ? ಅವ್ನು ಕಲ್ಲಲ್ಲಿ ಬರ್ದ, ನೀನು ಪುಸ್ತಕ್ದಲ್ಲಿ ಬರ್ದೆ! ಓದಿದೋರೆಲ್ಲಾ ಒಂದೇ ಕೆಲ್ಸಾನಾ ಕಲಿಯೋದು?" ಎಂದು ಹೇಳಿ ಜಗಲಿ ಇಳಿದು ಹೋದಳು. ತೀರ್ಥಮ್ಮ ಒಳಗಿನ ಮಂಚದಿಂದ ಏನೋ ಕೂಗಿದಳು. ಯಾರಿಗೂ ಅರ್ಥವಾಗಲಿಲ್ಲ.

ಮಲ್ಲಿಕಾಂಬಳೂ ಸಿಟ್ಟಾದಳು. ಚಳಿಗಾಲವೆಲ್ಲ ಕಣ್ಣು ಕೆಡಿಸಿಕೊಂಡು ಬರೆದವಳು ಅವಳು, ಬೈಸಿಕೊಂಡದ್ದೇ ಉಡುಗೊರೆ. "ಒಂದು ಆಟಕ್ಕೆ ಇಷ್ಟೊಂದಾ?" ಎಂದಳು. ಆಟವಂತೆ! ಆಟವೆಂದರೆ ಸುಮ್ಮನೆ ಎಂದು ತಿಳಿದವರಿಗೆ ಏನು ಹೇಳುವುದು? ಗಂಡ ಹೋದ ಹೆಂಗಸು, ಹೊಲ ಹೋದ ಹೆಂಗಸು, ಬೆವರು ಹರಿಸಿದ ಬಾವಿಗೆ ಬೇರೆಯವನ ಹೆಸರು ಅಂಟಿಕೊಂಡ ಹೆಂಗಸು, ತನ್ನದೆಂದು ಬೆರಳಿಟ್ಟು ತೋರಿಸಲು ಒಂದು ಮೊಳ ಹುರಿ ಇಟ್ಟುಕೊಂಡಿದ್ದಳು. ಅದನ್ನೂ ಬಿಚ್ಚಿ ಪೇಪರಿನಲ್ಲಿ ಸುತ್ತಿಟ್ಟರೆ ಅವಳು ಕೂಗದೆ ಭಜನೆ ಮಾಡಬೇಕೇ?

ಅಂಬಮ್ಮ ಬೇರೆ ಮನೆಯಲ್ಲಿ ಕಾಯಿ ಸುಲಿಯಲು ಹೋದಳು. ತೀರ್ಥಮ್ಮನ ಜಗಲಿಯಲ್ಲಿ ಸರಿಪಡಿಸಿದ ಸೀಮೆ ಎರಡು ದಿನ ನಡೆದು ಮೂರನೆಯ ದಿನ ನಿಂತಿತು. ಮಾತು ಹೋದ ಗಿಳಿಯನ್ನು ಹೊತ್ತು ತಿರುಗಲು ತಿಪ್ಪಮ್ಮನಿಗೆ ಮನಸ್ಸಿರಲಿಲ್ಲ. "ಇವತ್ತು ನಾನು ಕದ್ದಿದ್ದು ಮುಂದಿನ ವರ್ಷ ಕದ್ದೇ ಇಲ್ಲ ಅಂದ್ರೆ? ಸುಮ್ನೆ ಮೈ ನೋಯ್ಸ್ಕೊಂಡು ಯಾಕ್ ಕದೀಲಿ?" ಎಂದಳು ಈರಕ್ಕ. ನಗುತ್ತಲೇ ಹೇಳಿದ್ದು, ಆದರೆ ಮಲ್ಲಿಕಾಂಬಳಿಗೆ ಚುಚ್ಚಿತು. ನಕ್ಷೆ ಸರಿಯಾಗಿತ್ತು, ಹೊಳೆ ಸರಿಯಾಗಿತ್ತು, ಸೀಮೆಯಲ್ಲಿ ಇರಲು ಮಾತ್ರ ಯಾರೂ ಇರಲಿಲ್ಲ.

ಆ ನಡುವೆ ಅಂಬಮ್ಮ ಅಣ್ಣನ ಮಗಳ ಮದುವೆಗೆಂದು ಎಮ್ಮೆದೊಡ್ಡಿಗೆ ಹೋದಳು. ಬಸ್ಸಿನಲ್ಲಿ ಉದ್ದಕ್ಕೂ ಮಲ್ಲಿಕಾಂಬಳನ್ನು ಮನಸ್ಸಿನಲ್ಲೇ ಬೈದುಕೊಂಡಳು. ಸಂಜೆ ಅಣ್ಣ ಚಿಕ್ಕಬೀರಪ್ಪ ದೊಡ್ಡಿಗೆ ದನ ತುಂಬುತ್ತಿದ್ದ. ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಿದ್ದ: ಮಾರಿ, ಬೆಳ್ಳಿ, ಕೆಂಚಿ. ಅಂಬಮ್ಮ ಚಿಕ್ಕವಳಿದ್ದಾಗ ಅಪ್ಪ ಕರೆಯುತ್ತಿದ್ದ ಹೆಸರುಗಳೇ. ಅವರ ಮನೆಯಲ್ಲಿ ಸತ್ತ ಹಸುವಿನ ಹೆಸರನ್ನು ಅದರ ಕರುವಿಗೆ ಇಡುವುದು ಅಪ್ಪನ ಕಾಲದಿಂದ ನಡೆದುಬಂದ ರೂಢಿ.

"ಅಣ್ಣಾ, ಈ ಕೆಂಚಿ ನಾನು ಕಂಡ ಕೆಂಚಿಗೆ ಏನಾಗ್ಬೇಕು?"

"ಮೊಮ್ಮಗಳ ಮಗಳು. ಆ ಕಾಲದ್ದು ಒಂದು ಬಾಲಾನೂ ಉಳಿದಿಲ್ಲ ಕಣವ್ವಾ. ದೊಡ್ಡಿ ಮಾತ್ರ ಅದೇ."

ಅಂಬಮ್ಮ ಬೇಲಿಗೆ ಒರಗಿ ದನಗಳನ್ನು ಒಂದೊಂದಾಗಿ ನೋಡಿದಳು. ದನವೆಲ್ಲ ಬದಲಾಗಿವೆ. ಮುದಿಯಾದದ್ದು ಸತ್ತಿದೆ, ಕಾಲು ಮುರಿದದ್ದು ಹೋಗಿದೆ, ಹೊಸದು ಹುಟ್ಟಿದೆ. ಆದರೆ ಹಳೆ ಕೆಂಚಿ ಇರಲೇ ಇಲ್ಲ ಎಂದು ಅಣ್ಣ ಯಾವತ್ತೂ ಹೇಳಿಲ್ಲ. ಹಾಗೆಂದರೆ ಈ ಕೆಂಚಿ ಎಲ್ಲಿಂದ ಬಂದಳು? ಮಲ್ಲಿಕಾಂಬ ಮಾಡಿದ ತಪ್ಪು ಯಾವುದೆಂದು ಅವಳಿಗೆ ಹೊಳೆಯಿತು. ಬದಲಾಯಿಸಿದ್ದಲ್ಲ ತಪ್ಪು. ಮದುವೆಯ ಮರುದಿನವೇ ಬೀಗರ ಊಟವನ್ನೂ ಬಿಟ್ಟು ಬಸ್ಸು ಹತ್ತಿದಳು. ಸಿಟ್ಟು ಇಳಿದಿರಲಿಲ್ಲ, ಈಗ ಅದಕ್ಕೊಂದು ದಾರಿ ಸಿಕ್ಕಿತ್ತು ಅಷ್ಟೆ.

ಮಧ್ಯಾಹ್ನ ಜಗಲಿಯಲ್ಲಿ ಮೂವರೂ ಬಾಯಿ ಮುಚ್ಚಿಕೊಂಡು ಕಾಯಿ ಸುಲಿಯುತ್ತಿದ್ದರು. ಅಂಬಮ್ಮ ಮೆಟ್ಟಿಲ ಕೆಳಗೆ ನಿಂತೇ ಕೇಳಿದಳು.

"ಮಲ್ಲಿಕಾಂಬಾ, ನನ್ ಕೆರೆ ತೆಗೀವಾಗ ಬೀಜ ಹಾಕಿದ್ಯೇನವ್ವಾ?"

ಮಲ್ಲಿಕಾಂಬ ತಡವರಿಸಿದಳು. "ಬೀಜ… ಅದು ಆಟದ ಹೊರಗೆ ಮಾಡಿದ್ದಲ್ವಾ ಅಂಬಕ್ಕ."

"ಹೊರಗೆ ನಿಂತ್ಕಂಡು ಕೆರೆ ಒಡೀತಾರೇನು? ನಿನ್ ಅತ್ತೆ ಹನ್ನೆರಡು ವರ್ಷ ನಡೆಸಿದ್ಲು, ಒಂದ್ ದಿನಾ ಬೀಜ ಹಾಕ್ದೆ ಒಂದ್ ಇರುವೆ ಸಾಯಿಸ್ಲಿಲ್ಲ. ಗುಡ್ಡದ ಮ್ಯಾಲೆ ಕೆರೆ ಬ್ಯಾಡ್ವಾ? ಒಡಿ. ಮಳೆ ತರ್ಸು, ಭೂಮಿ ನಡುಗ್ಸು. ನಾನು ಏರಿ ಮ್ಯಾಲೆ ನಿಂತಿರ್ತೀನಿ, ನನ್ ಮುಂದೆ ಒಡಿ. ಒಡೆದೋಗೋದು ಬ್ಯಾರೆ ಕಣವ್ವಾ, ಇರ್ಲೇ ಇಲ್ಲ ಅನ್ನೋದು ಬ್ಯಾರೆ."

ಒಳಗಿನ ಮಂಚದಿಂದ ತೀರ್ಥಮ್ಮನ ತೊದಲು ಕೇಳಿತು. ಈ ಸಲ ಎಲ್ಲರಿಗೂ ಅರ್ಥವಾಯಿತು. "ಹೌದು" ಎಂದಿದ್ದಳು.

ಮಲ್ಲಿಕಾಂಬ ಎದ್ದು ಹೋಗಿ ಪೇಪರಿನ ಪೊಟ್ಟಣ ತಂದಳು. ಇಪ್ಪತ್ತೆರಡು ಚಿಂದಿಗಳು ಇದ್ದವು, ಆದರೆ ಯಾವುದು ಮೊದಲು ಯಾವುದು ಆಮೇಲೆ ಎಂಬುದು ಹೋಗಿತ್ತು. ಅವಳ ಮುಖ ಸಣ್ಣದಾಯಿತು. ಅಂಬಮ್ಮ ಮೆಟ್ಟಿಲು ಹತ್ತಿ ಬಂದು ಕೂತು, ಹುರಿಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ನಂಗ್ ನೆಪ್ಪೈತೆ. ಹೇಳ್ತೀನಿ, ಕಟ್ಟು. ನೀನ್ ಬಿಚ್ಚಿದ್ದು, ನೀನೇ ಕಟ್ಬೇಕು."

ಅಂಬಮ್ಮ ಹೇಳುತ್ತ ಹೋದಳು, ಮಲ್ಲಿಕಾಂಬ ಕಟ್ಟುತ್ತ ಹೋದಳು. ಮೊದಲನೆಯದು ಕಂದು: ಹೊನ್ನವ್ವ ಗುಡ್ಡದ ನೆತ್ತಿಯಲ್ಲಿ ದನಗಳಿಗೆ ನೀರಿಲ್ಲದ್ದು ಕಂಡು, ಇಲ್ಲೇ ಕೆರೆ ಆಗಬೇಕೆಂದು ಕೋಲು ನೆಟ್ಟದ್ದು. ಎರಡನೆಯದು ಹಸಿರು: ಮಂತ್ರಗಾತಿ ನಗದೆ ಅದಕ್ಕೆ ಒಪ್ಪಿದ್ದು. ಆರನೆಯದು ಕಂದು: ರೈಲುಕಂಬಿ ತಿನ್ನುವ ರಕ್ಕಸನ ಗುಹೆಗೆ ಹೋಗಿ, ಸೀಮೆಯ ಮುರುಕು ಗುದ್ದಲಿಯನ್ನೆಲ್ಲ ನಿನಗೇ ಕೊಡುತ್ತೇನೆಂದು ಹೇಳಿ ಅವನ ಉಗುರಿನಿಂದ ಮಣ್ಣು ತೋಡಿಸಿದ್ದು. ಒಂಬತ್ತನೆಯದು ಹಸಿರು: ಬಂಡೆ ಸಿಕ್ಕಾಗ ಊರವರೆಲ್ಲ ಬಿಡಿ ಎಂದರೂ, ಮಂತ್ರಗಾತಿ ಏಳು ದಿನ ಬಂಡೆಯ ಕಿವಿಯಲ್ಲಿ ಮಾತಾಡಿದ್ದು. ಹತ್ತನೆಯದೂ ಹಸಿರು: ಬಂಡೆ ಪಕ್ಕಕ್ಕೆ ಸರಿದು, ಕೆಳಗಿನ ಪಾತಾಳದ ನೀರು ತಾನಾಗಿ ಮೇಲೆ ಬಂದದ್ದು.

ಮಲ್ಲಿಕಾಂಬಳ ಕೈ ನಿಂತಿತು. "ಪಾತಾಳದ ನೀರಾ? ಹೊಳೆದಲ್ವಾ? ಅತ್ತೆ ಇದನ್ನ ಹೇಳಲೇ ಇಲ್ಲ."

"ನಿಮ್ಮತ್ತೆಗೆ ನಾಲಿಗೆ ತಿರುಗಲ್ಲ. ನಾನಿದ್ದೆನಲ್ಲ, ನನ್ನ ಕೇಳಿದ್ಯಾ?"

ಮಲ್ಲಿಕಾಂಬ ತಲೆ ತಗ್ಗಿಸಿ ಹನ್ನೊಂದನೆಯ ಗಂಟು ಕಟ್ಟಿದಳು. ಇಪ್ಪತ್ತೆರಡೂ ಮುಗಿಯುವ ಹೊತ್ತಿಗೆ ಬಿಸಿಲು ಜಗಲಿಯ ಅಂಚಿಗೆ ಬಂದಿತ್ತು. ಆ ದಿನ ಯಾರೂ ಒಂದು ಸೇರು ಬೀಜವನ್ನೂ ಸುಲಿಯಲಿಲ್ಲ.

ಮರುದಿನ ಮಲ್ಲಿಕಾಂಬ ನೋಟ್‌ಬುಕ್ ಮುಚ್ಚಿಟ್ಟು ಆಟ ನಡೆಸಿದಳು. ಸೀಮೆಯಲ್ಲಿ ಒಂಬತ್ತು ದಿನ ಮಳೆ ಹಿಡಿಯಿತು. ಗುಡ್ಡದ ಕೆರೆ ಕೋಡಿ ಬಿತ್ತು, ಏರಿಯಲ್ಲಿ ಬಿರುಕು ಕಾಣಿಸಿತು, ಕೆಳಗೆ ಮೂರು ಹಳ್ಳಿ. "ಏನ್ ಮಾಡ್ತೀರಿ?" ಎಂದು ಕೇಳಿದಳು. ಹೇಳುವ ಕಲೆ ಅತ್ತೆಯಿಂದ ಬಂದಿತ್ತೋ ಏನೋ, ತಿಪ್ಪಮ್ಮ ಕೂಡ ತೂಕಡಿಸದೆ ಕೂತಿದ್ದಳು.

ಈರಕ್ಕನ ಕಳ್ಳಿ ಹಳ್ಳಿಗಳಿಗೆ ಓಡಿ ಜನರನ್ನು ಎಬ್ಬಿಸಿದಳು. ಬೀಜ ಬಾರ ಬಿತ್ತು. ಒಂದು ಮಗುವೂ ಹಿಂದೆ ಬೀಳದೆ ಎಲ್ಲರೂ ದಿನ್ನೆ ಹತ್ತಿದರು. ಅಂಬಮ್ಮ ಸಾವಿರ ದನವನ್ನು ಏರಿಯ ಮೇಲೆ ನಡೆಸಿ ಮಣ್ಣು ತುಳಿಸಿದಳು. ಮೂರು ಬಿತ್ತು. ಏರಿ ಅರ್ಧ ನಿಂತಿತು. ಇನ್ನು ಉಳಿದದ್ದು ಮಂತ್ರಗಾತಿ. ಸರಿದ ಬಂಡೆಯನ್ನು ಮತ್ತೆ ಬಂದು ನಿಲ್ಲೆಂದು ಅವಳು ಕೇಳಬೇಕು.

ಅಂಬಮ್ಮ ಬೀಜಗಳನ್ನು ಎಡಗೈಗೆ ತೆಗೆದುಕೊಂಡಳು. "ಹುಚ್ಚೀ, ನೋಡ್ಕಂಡು ಹಾಕೇ" ಎಂದು ಬೀಜ ಉರುಳಿಸಿದಳು.

ಒಂದು ಬಿಳಿ, ಮೂರು ಕಪ್ಪು. ಕೆಟ್ಟಿತು.

ಮಲ್ಲಿಕಾಂಬಳಿಗೇ ಮರುಕ ಬಂತು. "ಅಂಬಕ್ಕ, ಕೈ ಜಾರ್ತು ಅನ್ಸುತ್ತೆ. ಇನ್ನೊಂದ್ಸಲ ಹಾಕಿ" ಎಂದಳು.

ಅಂಬಮ್ಮ ಕಿಡಿಕಿಡಿಯಾದಳು. "ಹಾಕ್ದೆ, ಬಿತ್ತು. ಬಿದ್ದಿದ್ದು ಬಿದ್ದಿಲ್ಲ ಅನ್ನೋಕೆ ನಾನೇನ್ ಕಲ್ಲಪ್ಪನಾ? ಒಡೀತು ಅಂತ ಹೇಳವ್ವಾ. ನೆಟ್ಟಗೆ ಹೇಳು."

ಮಲ್ಲಿಕಾಂಬ ಹೇಳಿದಳು. ನೀರು ಏರಿಯನ್ನು ಹೇಗೆ ತಿಂದಿತು, ಹೇಗೆ ಗುಡ್ಡ ಇಳಿದು ಹೊಳೆಯನ್ನು ಸೇರಿತು, ಆ ರಭಸಕ್ಕೆ ಹೊಳೆ ಹೇಗೆ ತಿರುಗಿ ಅಂದಿನಿಂದ ಮೂಡಣಕ್ಕೆ ಮಾತ್ರ ಹರಿಯತೊಡಗಿತು, ಎಲ್ಲವನ್ನೂ. ಅಂಬಮ್ಮನ ಕಣ್ಣಲ್ಲಿ ನೀರಿತ್ತು. ಉಟ್ಟ ಸೀರೆಯ ಸೆರಗಿನಿಂದಲೇ ಚೂರು ಹರಿದು ಒಂದು ಗಂಟು ಹಾಕಿದಳು. ಮಡಿಸಿಟ್ಟಿದ್ದ ಹಸಿರು ಸೀರೆಯಿಂದ ಇನ್ನೊಂದು ಹಾಕಿದಳು. ಕೆರೆ ಹೋಯಿತು, ಈರಕ್ಕನದೂ ಸೇರಿ ಹುರಿ ಮೂರು ಗಂಟು ಬೆಳೆಯಿತು.

ಆ ಬೇಸಿಗೆ ಉಳಿದ ಗೋಜಲುಗಳೂ ಹೀಗೇ ಬಿಡಿಸಿಕೊಂಡವು. ಮೂರು ಸಲ ಸತ್ತ ರಾಜ ಒಬ್ಬನಲ್ಲ, ಮೂವರು ಒಂದೇ ಮುಖದ ಅಣ್ಣತಮ್ಮಂದಿರು ಎಂಬ ಗುಟ್ಟನ್ನು ಈರಕ್ಕನ ಕಳ್ಳಿ ಅರಮನೆಯಿಂದ ಕದ್ದು ತಂದಳು. ಸೋಮವಾರದ ಸಂತೆಯನ್ನು ತಿಪ್ಪಮ್ಮ ಜಗಳ ಮಾಡಿ ಮುಚ್ಚಿಸಿದಳು. ಗಿಳಿ ಎರಡು ವರ್ಷ ಮುನಿಸಿಕೊಂಡು ಸುಮ್ಮನಿದ್ದದ್ದಂತೆ. ಅದನ್ನು ಗಿಳಿಯೇ ಬಾಯಿಬಿಟ್ಟು ಹೇಳಿತು. ಒಂದು ಗಂಟನ್ನೂ ಬಿಚ್ಚಲಿಲ್ಲ.

ಕೆರೆ ಒಡೆದ ದಿನ ಸಂಜೆ ಅಂಬಮ್ಮ ಮಲ್ಲಿಕಾಂಬಳ ನೋಟ್‌ಬುಕ್ ತರಿಸಿದಳು. "ಈಗ ಏನ್ ಬರ್ದೆ, ಓದು."

"'ಗುಡ್ಡದ ಮೇಲೆ ಕೆರೆ ಇತ್ತು. ಅಂಬಮ್ಮ, ಹುಚ್ಚಮ್ಮ ಕಟ್ಟಿದ್ದು. ಈ ವರ್ಷದ ಮಳೆಗೆ ಒಡೆಯಿತು.'"

"ನನ್ ಹೆಸ್ರು ಯಾವ್ದು?"

ಮಲ್ಲಿಕಾಂಬ ಬೆರಳಿಟ್ಟು ತೋರಿಸಿದಳು. ಅಂಬಮ್ಮ ಬಗ್ಗಿ ನೋಡಿದಳು. "ಇಷ್ಟೇನಾ? ಮೂರೇ ಅಕ್ಷರ?"

"ಮೂರೇ."

"ಲಕ್ಕಣ್ಣ ಅನ್ನೋಕೆ?"

"ಅದೂ ಮೂರೇ."

ಅಷ್ಟಕ್ಕೇನಾ ಇಷ್ಟು ವರ್ಷ ಹಲ್ಲು ಕಚ್ಚಿಕೊಂಡು ಕೂತದ್ದು ಎಂದು ಅಂಬಮ್ಮನಿಗೆ ತನ್ನ ಮೇಲೇ ರೇಗಿತು. ಕಾಯಿ ಸುಲಿಯುವ ಕೆಲಸ ಮುಗಿಯುವವರೆಗೂ ಬಿಡುವಾದಾಗಲೆಲ್ಲ ಇದ್ದಿಲಿನಿಂದ ಜಗಲಿಯ ಕಲ್ಲಿನ ಮೇಲೆ ಆರು ಅಕ್ಷರ ತಿದ್ದಿದಳು. ಮಲ್ಲಿಕಾಂಬ ಕೈ ಹಿಡಿದು ತಿದ್ದಿಸಿದಳು. ಸೊಟ್ಟಗಾದರೆ ಗದರಿದಳು ಕೂಡ. ಮುಂಗಾರಿನ ಬಿತ್ತನೆ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ 'ಈ ಬಾವಿ ತೋಡಿಸಿದವರು ಕಲ್ಲಪ್ಪ' ಎಂಬ ಕಲ್ಲಿನಲ್ಲಿ, ಕೆತ್ತಿದ ಅಕ್ಷರಗಳ ಕೆಳಗೆ, ಗೋಡೆಗೆ ಬಳಿಯುವ ಸುಣ್ಣದಲ್ಲಿ ದೊಡ್ಡದಾಗಿ ಆರು ಅಕ್ಷರ ಬಂದಿತ್ತು: ಲಕ್ಕಣ್ಣ ಅಂಬಮ್ಮ.

ಕಲ್ಲಪ್ಪ ಓಡಿ ಬಂದ. "ಅತ್ಗೇ, ಯಾರ್ ಕೈಲಿ ಬರೆಸ್ದೆ ಇದ್ನ?"

"ನಾನೇ ಬರ್ದೆ."

"ಕಲ್ಲು ನಂದು!"

"ಕಲ್ಲು ನಿಂದೇ ಕಣೋ, ಕಟ್ಟೇನೂ ನಿಂದೇ. ಒಳಗಿನ ಗುಂಡಿ ನಮ್ದು. ನಿನ್ ಹೆಸ್ರು ಅಳಿಸಿದ್ದೀನಾ? ಕಣ್ಬಿಟ್ಟು ನೋಡು."

ಕಲ್ಲಪ್ಪ ಅದೇ ಬಾವಿಯ ನೀರು ಸೇದಿ ಸುಣ್ಣ ತೊಳೆದ. ಮರುದಿನ ಬೆಳಿಗ್ಗೆ ಆರು ಅಕ್ಷರ ಮತ್ತೆ ಇದ್ದವು. ಮತ್ತೆ ತೊಳೆದ, ಮತ್ತೆ ಇದ್ದವು. ಹನ್ನೆರಡು ದಿನ ಹೀಗೇ ನಡೆಯಿತು. ಹೊಲಕ್ಕೆ ಹೋಗುವವರೆಲ್ಲ ನಿಂತು ನೋಡತೊಡಗಿದರು. ಅಂದು ವಸ್ತ್ರ ಕೊಡವಿಕೊಂಡು ಎದ್ದು ಹೋಗಿದ್ದ ಹಿರಿಯರಲ್ಲೊಬ್ಬ, ಯಾರೂ ಕೇಳದೆ ಇದ್ದರೂ, "ಹೌದು ಕಣ್ರೋ, ನಾನೇ ಕಂಡಿದ್ದೀನಿ, ಈವಮ್ಮನೇ ಮಣ್ಣು ಹೊತ್ತಿದ್ದು" ಎಂದ. ಏಳು ವರ್ಷ ಆ ಮಾತು ಯಾವ ಕಣಜದಲ್ಲಿತ್ತೋ! ಹದಿಮೂರನೆಯ ದಿನ ಕಲ್ಲಪ್ಪ ಕೊಡ ಕೆಳಗಿಟ್ಟ.

ಸುಣ್ಣ ಮಳೆಗೆ ನಿಲ್ಲುವುದಿಲ್ಲ. ಪ್ರತಿ ವರ್ಷ ಕಡ್ಲೆಕಾಯಿ ಸುಲಿಯುವ ಕೆಲಸ ಶುರುವಾಗುವ ಮುಂಚೆ ಅಂಬಮ್ಮ ಒಂದು ಡಬ್ಬಿ ಸುಣ್ಣ, ಒಂದು ಕತ್ತಾಳೆ ನಾರಿನ ಕುಂಚ ಹಿಡಿದು ಬಾವಿಗೆ ಹೋಗಿ ಆರು ಅಕ್ಷರ ಹೊಸದಾಗಿ ಬರೆಯುತ್ತಿದ್ದಳು. ಎಂಬತ್ತೆಂಟರ ಹೊತ್ತಿಗೆ ಕಲ್ಲಿಗೆ ಪಾಚಿ ಹಿಡಿದು ಕಲ್ಲಪ್ಪನ ಹೆಸರು ಕಾಣದಂತಾಗಿತ್ತು. ಆ ವರ್ಷ ಜೊತೆಗೆ ಹೋಗಿದ್ದ ಈರಕ್ಕ, "ಒಳ್ಳೇದಾಯ್ತು, ಹಂಗೇ ಮುಚ್ಚೋಗ್ಲಿ ಬಿಡೇ" ಎಂದಳು. ಅಂಬಮ್ಮ ತೆಂಗಿನ ನಾರು ತೆಗೆದುಕೊಂಡು ಮೊದಲು ಆ ಪಾಚಿಯನ್ನೇ ಉಜ್ಜತೊಡಗಿದಳು.

"ಕಟ್ಟೆ ಕಟ್ಟಿಸ್ದೋನು ಅವ್ನೇ ಅಲ್ವೇನೇ. ಇರ್ಲೇ ಇಲ್ಲ ಅಂತ ಹೆಂಗ್ ಅನ್ನೋದು?" ಎಂದು ಗೊಣಗುತ್ತ, ಮೈದುನನ ಮೂರು ಅಕ್ಷರ ಚೊಕ್ಕಟವಾಗಿ ಕಾಣುವವರೆಗೂ ತಿಕ್ಕಿದಳು. ಆಮೇಲೆ ಕುಂಚವನ್ನು ಸುಣ್ಣದಲ್ಲಿ ಅದ್ದಿದಳು.